ಕೀನ್ಯಾಕ್ಕೆ ಮೂರು ಕಾಳು ಭತ್ತ

ಛಾಯಾಚಿತ್ರದಲ್ಲಿ ಸಿರಿಲ್ ಒಂದು ಮುಚ್ಚಿದ ಬಾಗಿಲಿನ ಮುಂದೆ ನಿಂತಿದ್ದಾನೆ. ಖಾಕಿ ಚಡ್ಡಿ, ಮೊಣಕಾಲಿನವರೆಗೆ ಎಳೆದ ಕಾಲುಚೀಲ, ಸೊಂಟದಲ್ಲಿ ಬೀಗದ ಕೈಗಳ ಗೊಂಚಲು. ಎಡಭುಜದ ಮೇಲೆ ಚಿತ್ರದಲ್ಲಿಲ್ಲದ ಮರವೊಂದರ ನೆರಳು ಬಿದ್ದಿದೆ. ಹಿಂದೆ ತಗಡಿನ ಮಾಡು, ಅದರಾಚೆ ಬೆಟ್ಟ. ಬೆಟ್ಟದ ತಲೆಯನ್ನು ಮಂಜು ಅಳಿಸಿದೆ. ನಗಬೇಕೋ ಬೇಡವೋ ಎಂದು ತುಟಿಗಳು ಇನ್ನೂ ತೀರ್ಮಾನಿಸಿಲ್ಲ.

ಆ ಬಾಗಿಲು ಕೀನ್ಯಾದ ಪೊಲೀಸ್ ಠಾಣೆಯೊಂದರ ಕೋವಿಕೋಣೆಯದು. ಸಿರಿಲ್ ಅಲ್ಲಿ ಗುಮಾಸ್ತ; ಉಡುಪಿ ಬಳಿಯ ಶಿರ್ವದ ಶಾಲೆಯಲ್ಲಿ ನನ್ನ ಶಿಷ್ಯನಾಗಿದ್ದವನು. ಕೆಲಸದ ಅರ್ಜಿಯನ್ನು ಇಂಗ್ಲಿಷಿನಲ್ಲಿ ಬರೆದುಕೊಟ್ಟವನು ನಾನೇ.

೧೯೫೩ರ ಜುಲೈಯಲ್ಲಿ, ಉಡುಪಿಯ ಬಸ್ಸಿನಲ್ಲಿ ಬಂದ ಪತ್ರಿಕೆಯನ್ನು ತರಗತಿಯಲ್ಲಿ ಓದಿದೆ. ಕೀನ್ಯಾದ ಜನ ಬಿಳಿಯರ ವಿರುದ್ಧ ಎದ್ದು ಇನ್ನೂ ವರ್ಷ ತುಂಬಿರಲಿಲ್ಲ. ಕತ್ತಿ ಹಿಡಿದ ಕೆಲವರು ಠಾಣೆಯೊಂದಕ್ಕೆ ನುಗ್ಗಿ ಕೋವಿಗಳನ್ನು ಒಯ್ದಿದ್ದರು. "ನಾವು ದಾಟಿದ ಹೊಳೆಗೆ ಅವರು ಈಗ ಇಳಿದಿದ್ದಾರೆ" ಎಂದೆ. ಮಕ್ಕಳು ಚಪ್ಪಾಳೆ ತಟ್ಟಿದರು. ಮೊದಲು ತಟ್ಟಿದವು ನನ್ನ ಕೈಗಳು. ಠಾಣೆಯ ಹೆಸರು ಪತ್ರಿಕೆಯಲ್ಲಿರಲಿಲ್ಲ.

ಹೆಸರು ಬಂದದ್ದು ಆಗಸ್ಟಿನ ಕೊನೆಗೆ, ಸರಕಾರಿ ಲಕೋಟೆಯಲ್ಲಿ. ಸಿರಿಲ್‌ನ ತಾಯಿ ಅಪೊಲೋನಿಯಾ ಬಾಯಿಗೆ ಓದು ಬಾರದ ಕಾರಣ ಕಾಗದಗಳೆಲ್ಲ ನನ್ನ ಹೆಸರಿಗೇ ಬರುತ್ತಿದ್ದವು. ಸಿರಿಲ್ ಬೀಗದ ಕೈ ಕೊಡಲೊಪ್ಪದೆ ಆ ಬಾಗಿಲ ಬಳಿಯೇ ಸತ್ತನೆಂದೂ ಅಲ್ಲೇ ಹೂಳಲಾಗಿದೆಯೆಂದೂ ಬರೆದಿತ್ತು. ಅದನ್ನು ಕಿಸೆಯಲ್ಲಿಟ್ಟುಕೊಂಡು ಹತ್ತು ದಿನ ಅವಳ ಅಂಗಳದವರೆಗೆ ಹೋದೆ; ಹತ್ತು ದಿನವೂ ಹಿಂದಿರುಗಿದೆ.

ಮೊಂತಿ ಹಬ್ಬದ ಮರುದಿನ ಅವಳೇ ಬಂದಳು. ಹಬ್ಬದಂದು ಇಗರ್ಜಿಯಲ್ಲಿ ಆಶೀರ್ವದಿಸಿದ ಹೊಸ ತೆನೆಯ ಕಾಳು ಮನೆಯ ಪ್ರತಿಯೊಬ್ಬರಿಗೂ ಸಲ್ಲಬೇಕು; ದೂರದಲ್ಲಿರುವವರಿಗೆ ಅಂಚೆಯಲ್ಲಿ.

"ಮಾಸ್ಟ್ರೇ, ಅಡ್ರೆಸ್ ಬರೆದು ಕೊಡಿ. ಮೂರು ಕಾಳು ಉಂಟು" ಎಂದು ಕವರನ್ನು ಮೇಜಿನ ಮೇಲಿಟ್ಟಳು. "ಹೋದ ವರ್ಷ ಅವನ ಸಾಹೇಬ ನೋಡಿ ಕೇಳಿದನಂತೆ, ಇಲ್ಲಿ ಎಂತ ಗದ್ದೆ ಮಾಡ್ತೀಯಾ ಅಂತ. ಮೂರು ಕಾಳಿನಲ್ಲಿ ಗದ್ದೆ ಮಾಡ್ಲಿಕ್ಕೆ ಆಗ್ತದಾ ಮಾರಾಯ್ರೇ? ಸಾಹೇಬ ದೊಡ್ಡವನು, ಬುದ್ಧಿ ಸಣ್ಣದು."

"ಕೂತ್ಕೊಳ್ಳಿ ಬಾಯಿ."

ಕೈ ಕಿಸೆಗೆ ಹೋಯಿತು. ಬೆರಳಿಗೆ ಕಾಗದ ತಾಗಿತು, ಹೊರಬಂದದ್ದು ಪೆನ್ನು. ಎಂದೂ ಬರೆಯದಷ್ಟು ದುಂಡಗೆ ವಿಳಾಸ ಬರೆದು ಕವರನ್ನು ಅವಳತ್ತ ಸರಿಸಿದೆ.

ಅವಳು ಅದನ್ನು ಎತ್ತಿಕೊಳ್ಳಲಿಲ್ಲ.

"ಪ್ರತಿ ವರ್ಷ ಕೇಳ್ತಿದ್ರಿ, ಒಳಗೆ ಎಂತ ಬರೆಯಲಿ ಅಂತ. ಈ ಸಲ ಕೇಳಲಿಲ್ಲ."

ನಾನು ಪೆನ್ನಿಗೆ ಮುಚ್ಚಳ ಹಾಕಿದೆ.

"ಕಾಗದ ಬಂದಿದೆಯಾ ಮಾಸ್ಟ್ರೇ?"

ತೆಗೆದು ಮೇಜಿನ ಮೇಲಿಟ್ಟೆ. ಹತ್ತು ದಿನದ ಬೆವರಿಗೆ ಅದರ ಮಡಿಕೆಗಳು ಬಟ್ಟೆಯಂತಾಗಿದ್ದವು.

"ಇಂಗ್ಲಿಷಾ?"

"ಹೌದು."

"ಅವನದಾದರೆ ಕೊಂಕಣಿಯಲ್ಲಿ ಇರ್ತಿತ್ತು, ಅಲ್ವಾ."

ಅವಳು ಅಳಲಿಲ್ಲ. ಕವರು ಬಿಡಿಸಿ, ಮೂರು ಕಾಳುಗಳ ಹೊಟ್ಟನ್ನು ಉಗುರಿನಿಂದ ಒಂದೊಂದಾಗಿ ಸುಲಿದಳು. ಅಕ್ಕಿಯನ್ನು ನನ್ನ ಅಂಗೈಗೆ ಹಾಕಿದಳು.

"ಆಶೀರ್ವಾದದ್ದು. ನೆಲಕ್ಕೆ ಬೀಳಬಾರದು. ಅವನ ಪಾಲನ್ನು ನೀವು ತಿನ್ನಿ."

ತಿಂದೆ. ಆ ಚಪ್ಪಾಳೆಯ ಬಗ್ಗೆ ಅವಳಿಗೆ ಹೇಳಬೇಕೆಂದು ಎದ್ದು ನಿಂತೆ. ಅವಳು ಖಾಲಿ ಕವರನ್ನು ಮಡಚಿ ಸೆರಗಿನಲ್ಲಿ ಕಟ್ಟಿಕೊಂಡು ಹೊಸ್ತಿಲು ದಾಟಿದ್ದಳು. ಗಾಳಿಗೆ ಬಡಿಯದಂತೆ, ಬಾಗಿಲನ್ನು ತಾನೇ ಮೆಲ್ಲಗೆ ಎಳೆದು ಮುಚ್ಚಿಕೊಂಡು ಹೋದಳು.