ಗೌರವದ ಒಂದು ಪಾಯಿಂಟ್

ಗಂಡನ ಹೆಣದ ಮೇಲೆ ಹೊದಿಸಿದ್ದ ನೀಲಿ ರೇಷ್ಮೆಯ ಬಾವುಟವನ್ನು ರಾಜೀವಿ ಎಳೆದು, ಮುದ್ದೆ ಮಾಡಿ, ಬಾಗಿಲಿನಿಂದ ಹೊರಗೆಸೆದಳು. ಅದು ಅಂಗಳದಲ್ಲಿ ಮೀನು ಒಣಗಿಸುವ ಚಾಪೆಯ ಮೇಲೆ ಹೋಗಿ ಬಿತ್ತು. ಫೋಟೋ ತೆಗೆಯಲು ಬಗ್ಗಿದ್ದವನು ಬಗ್ಗಿದಂತೆಯೇ ಉಳಿದ.

"ಎಂತ ರಾಜೀವಿ ಇದು?" ಹೋಟೆಲಿನ ಚಿತ್ತರಂಜನರು ಕೇಳಿದರು. "ನಾವು ಗೌರವ ಕೊಡ್ಲಿಕ್ಕೆ ಬಂದದ್ದಲ್ಲವಾ?"

"ಅವರು ನಿಮ್ಮ ಟೀಮಿನವರಲ್ಲ ಧಣಿ. ಬದುಕಿದ್ದಾಗ ನಿಮ್ಮವರಾಗ್ಲಿಲ್ಲ. ಸತ್ತ ಮೇಲೆ ಆಗುವುದು ಬೇಡ."

ಗಿರಿಯಪ್ಪ ಚಾವಡಿಯಲ್ಲಿ ಬಾಳೆಲೆಯ ಮೇಲೆ ಮಲಗಿದ್ದ. ಹಿಂದಿನ ಸಂಜೆ ಮೀನು ಬಂದರಿನ ಧಕ್ಕೆಯ ಐಸ್ ಪ್ಲಾಂಟಿನಲ್ಲಿ ಮಂಜುಗಡ್ಡೆ ಒಡೆಯುತ್ತಿದ್ದವನು ಎದೆ ಹಿಡಿದುಕೊಂಡು ಕೂತಿದ್ದ, ಬೆಳಗಾಗುವಾಗ ಇರಲಿಲ್ಲ. ಮಂಜುಗಡ್ಡೆ ಒಡೆಯುವುದು ಅವನ ಹೊಟ್ಟೆಪಾಡು. ಉಳಿದದ್ದೆಲ್ಲ ಜೆಪ್ಪು ಬಾಯ್ಸ್. ಮಗಳು ಕುಮುದಿನಿ ಹುಟ್ಟುವ ಮೊದಲಿನಿಂದ ಅವನು ಆ ಫುಟ್ಬಾಲ್ ತಂಡದ ಮ್ಯಾನೇಜರ್. ಬಿ ಡಿವಿಷನ್ ಬಿಟ್ಟು ಒಂದು ಮೆಟ್ಟಿಲು ಹತ್ತದ ತಂಡ ಅದು. ಆಟಗಾರರೆಲ್ಲ ಮೊಗವೀರರ ಮಕ್ಕಳು, ಬೋಟಿಗೆ ಹೋಗುವವರು. ಬಲೆಯಿಂದ ಕೈ ಬಿಡಿಸಿಕೊಂಡ ದಿನ ಮೈದಾನಕ್ಕೆ ಬರುವವರು. ಈ ವರ್ಷ ಮಾತ್ರ ಏನೋ ಆಗಿತ್ತು. ಇವತ್ತು ನಾಲ್ಕು ಗಂಟೆಗೆ ನೆಹರೂ ಮೈದಾನದಲ್ಲಿ ಹಿಲ್‌ಟಾಪ್ ತಂಡದ ಎದುರು ಲೀಗಿನ ಕೊನೆಯ ಆಟ. ಗೆದ್ದರೆ ಎ ಡಿವಿಷನ್.

ಚಿತ್ತರಂಜನರು ಎ ಡಿವಿಷನ್ನಿನ ಕೋಸ್ಟಲ್ ಇಲೆವೆನ್ನಿನ ಯಜಮಾನರು, ಜತೆಗೆ ಫುಟ್ಬಾಲ್ ಸಂಘದ ಅಧ್ಯಕ್ಷರು. ಅಂಗಳದಲ್ಲಿ ನಿಂತವರಿಗೆಲ್ಲ ಕೇಳುವಂತೆ ಅವರು ದನಿ ಎತ್ತಿದರು.

"ಗಿರಿಯಪ್ಪನ ಗೌರವಾರ್ಥ ಇವತ್ತಿನ ಮ್ಯಾಚ್ ರದ್ದು. ಎರಡೂ ಟೀಮಿಗೆ ಒಂದೊಂದು ಪಾಯಿಂಟ್. ಇಷ್ಟು ದೊಡ್ಡ ಗೌರವ ಇಲ್ಲಿ ಯಾರಿಗೂ ಸಿಕ್ಕಿದ್ದಿಲ್ಲ."

ಮುದುಕರು ತಲೆಯಾಡಿಸಿದರು. ರಾಜೀವಿ ತಲೆಯಾಡಿಸಲಿಲ್ಲ. ಅವಳು ಒಂದೇ ಒಂದು ಮ್ಯಾಚನ್ನೂ ಕಣ್ಣಿನಿಂದ ಕಂಡವಳಲ್ಲ. ಆದರೆ ಪಾಯಿಂಟು ಎಂದರೆ ಏನೆಂದು ಅವಳಿಗೆ ಹೇಳಿಕೊಡಬೇಕಾಗಿರಲಿಲ್ಲ. ಅದನ್ನು ಕೇಳಿ ಕೇಳಿಯೇ ಅವಳು ಅಷ್ಟು ವರ್ಷ ಅನ್ನ ಬಡಿಸಿದ್ದಳು.

"ಹಿಲ್‌ಟಾಪಿನವರು ನಮಗಿಂತ ಒಂದು ಪಾಯಿಂಟ್ ಮುಂದೆ ಇದ್ದಾರೆ," ಎಂದಳು. "ಒಂದೊಂದು ಹಂಚಿದರೆ ಅವರು ಮೇಲೆ ಹೋಗ್ತಾರೆ. ನಾವು ಇಲ್ಲಿಯೇ. ಹಿಲ್‌ಟಾಪ್ ಯಾರದ್ದು ಧಣಿ? ನಿಮ್ಮ ಭಾವನದ್ದಲ್ಲವಾ?"

ಚಿತ್ತರಂಜನರು ಕನ್ನಡಕ ತೆಗೆದು ಒರೆಸಿಕೊಂಡರು. "ಸಾವಿನ ಮನೆಯಲ್ಲಿ ಇದೆಲ್ಲ ಮಾತಾಡ್ತಾರಾ ಮಾರಾಯ್ತಿ?"

"ಪಾಯಿಂಟು ತಂದದ್ದು ನಾನಲ್ಲ, ನೀವು."

* * *

ಬದುಕಿದ್ದಾಗ ದಿನವೂ ರಾತ್ರಿ ಊಟವಾದ ಮೇಲೆ ಗಿರಿಯಪ್ಪ ಚಾವಡಿಯ ಸೆಗಣಿ ಸಾರಿಸಿದ ನೆಲದ ಮೇಲೆ ಸೀಮೆಸುಣ್ಣದಲ್ಲಿ ಮೈದಾನ ಬರೆಯುತ್ತಿದ್ದ. ಕಡಲಕರೆಯಿಂದ ಹೆಕ್ಕಿ ತಂದ ಮರುವಾಯಿ ಚಿಪ್ಪುಗಳೇ ಆಟಗಾರರು. ಒಂದೊಂದು ಚಿಪ್ಪಿಗೂ ಒಬ್ಬೊಬ್ಬ ಹುಡುಗನ ಹೆಸರು. ಅಡ್ಡ ಕಾಲಿನವನಿಗೆ ಸೊಟ್ಟ ಚಿಪ್ಪು, ಗೋಲಿಗೆ ನಿಲ್ಲುವ ಲೋಕನಾಥನಿಗೆ ಎಲ್ಲಕ್ಕಿಂತ ಅಗಲದ್ದು. ಹುಣಸೆ ಬೀಜ ಚೆಂಡು. ಎದುರಾಳಿಯನ್ನೂ ಅವನೇ ಆಡಿಸುತ್ತಿದ್ದ. ಒಂದು ವರ್ಷದ ಲೀಗು ಪೂರ್ತಿ ಆ ನೆಲದ ಮೇಲೆ ನಡೆಯುತ್ತಿತ್ತು. ಹೊಸ ಹುಡುಗ ಸಿಕ್ಕಿದರೆ ಹೊಸ ಚಿಪ್ಪು ಬರುತ್ತಿತ್ತು. ಯಾರನ್ನಾದರೂ ದೊಡ್ಡ ಕ್ಲಬ್ಬಿನವರು ಎಳೆದುಕೊಂಡರೆ ಅವನ ಚಿಪ್ಪನ್ನು ತೊಳೆದು, ಒರೆಸಿ, ಎದುರಾಳಿಯ ಕಡೆ ಇಡುತ್ತಿದ್ದ.

ಒಂದು ದಿನ ರಾಜೀವಿ ಪಾತ್ರೆ ತೊಳೆದು ಬಂದಾಗ ಅವನು ಮುಖ ಇಳಿಸಿಕೊಂಡು ಕೂತಿದ್ದ.

"ಎಂತಾಯ್ತು?"

"ಸೋತೆವು."

"ಎಲ್ಲಿ?"

"ಇಲ್ಲಿ." ನೆಲ ತೋರಿಸಿದ.

"ನಿಮಗೆ ಮರ್ಲು ಹಿಡಿದಿದೆಯಾ? ಆಡಿಸುವವರು ನೀವೇ, ಸೋಲುವವರೂ ನೀವೇ?"

"ಪೂವಪ್ಪ ಆ ಕಡೆಯಿಂದ ಚಂದ ಆಡಿದ ಮಾರಾಯ್ತಿ. ಎಂತ ಮಾಡ್ಲಿಕ್ಕೆ ಆಗ್ತದೆ?"

ಪೂವಪ್ಪ ಅವನ ಅಕ್ಕ ಗುಲಾಬಿಯ ಮಗ. ಮಾವನೇ ಕಾಲು ಹಿಡಿದು ಚೆಂಡು ಒದೆಯಲು ಕಲಿಸಿದ ಅಳಿಯ. ಆ ವರ್ಷವಷ್ಟೇ ಅವನು ಕೋಸ್ಟಲ್ ಸೇರಿ, ಹೋಟೆಲಿನಲ್ಲಿ ಕೆಲಸ ಹಿಡಿದಿದ್ದ. ರಾಜೀವಿ ಕಸಬರಿಕೆ ತಂದು ಮೈದಾನವನ್ನೇ ಗುಡಿಸಿಬಿಟ್ಟಳು. ಚಿಪ್ಪುಗಳು ಅಂಗಳಕ್ಕೆ ಹಾರಿದವು. ಗಿರಿಯಪ್ಪ ಚಿಮಿಣಿ ದೀಪ ಹಿಡಿದು ಹೋಗಿ ಒಂದೊಂದನ್ನೇ ಹೆಕ್ಕಿದ. ಅವನಿಗೆ ಸಿಟ್ಟು ಬರುತ್ತಿರಲಿಲ್ಲ. ಇಬ್ಬರ ಪಾಲಿನ ಸಿಟ್ಟನ್ನೂ ಅವಳೊಬ್ಬಳೇ ಹೊರಬೇಕಾಗಿತ್ತು.

* * *

ಚಿತ್ತರಂಜನರು ಹೊರಟು ಕಾರಿನ ಬಾಗಿಲು ತೆಗೆಯುವಷ್ಟರಲ್ಲಿ ರೆಫರಿ ಅಲ್ಫೋನ್ಸ್ ಸೈಕಲ್ಲಿನಲ್ಲಿ ಬಂದರು. ಒಣಕಲು ಮುದುಕ, ರೋಮನ್ ಕೆಥೊಲಿಕ್ ಶಾಲೆಯೊಂದರ ಡ್ರಿಲ್ ಮಾಸ್ಟರಾಗಿದ್ದವರು. ಹೆಣದ ಮುಂದೆ ಶಿಲುಬೆಯ ಗುರುತು ಹಾಕಿ, ಕಣ್ಣೊರೆಸಿಕೊಂಡು, ಹೊರಗೆ ಬಂದವರಿಗೆ ರದ್ದಿನ ಸುದ್ದಿ ತಿಳಿಯಿತು.

"ನನಗೆ ಯಾರೂ ಹೇಳ್ಲಿಲ್ಲವಲ್ಲ?"

"ಈಗ ನಾನು ಹೇಳ್ತಾ ಇದ್ದೇನೆ," ಎಂದರು ಚಿತ್ತರಂಜನರು.

"ನೀವು ಒಬ್ಬರು ಹೇಳಿದರೆ ಆಗುವುದಿಲ್ಲ ಸರ್. ಸಂಘದ ಮೀಟಿಂಗ್ ಆಗ್ಬೇಕು. ಮೀಟಿಂಗ್ ಆಯ್ತಾ? ಇಲ್ಲ. ನಾಲ್ಕು ಗಂಟೆಗೆ ನಾನು ಸೆಂಟರಿನಲ್ಲಿ ನಿಲ್ತೇನೆ. ಎರಡು ಟೀಮು ಬಂದರೆ ಆಟ. ಒಂದೇ ಬಂದರೆ ಬಂದವರಿಗೆ ಗೆಲುವು. ಅಷ್ಟೇ ನನಗೆ ಗೊತ್ತು."

ಕಾರು ಧೂಳೆಬ್ಬಿಸಿ ಹೋಯಿತು. ಈಗ ಹಿಲ್‌ಟಾಪಿನವರು ಬಂದೇ ಬರುತ್ತಾರೆಂದು ಎಲ್ಲರಿಗೂ ಗೊತ್ತಾಯಿತು.

ಲೋಕನಾಥ ಮತ್ತು ಉಳಿದ ಹುಡುಗರು ಬಾವಿಕಟ್ಟೆಯ ಹತ್ತಿರ ನಿಂತಿದ್ದರು. ಚಟ್ಟ ಹೊರಲು ಅವರು ಸ್ನಾನ ಮಾಡಿ ಒದ್ದೆ ಬಟ್ಟೆಯಲ್ಲಿದ್ದರು.

"ನೀವು ಆಡ್ಲಿಕ್ಕೆ ಹೋಗಿ," ಎಂದಳು ರಾಜೀವಿ.

"ಗಿರಿಯಣ್ಣನನ್ನು ಬಿಟ್ಟು ಎಂಚ ಪೋಪುನು ರಾಜೀವಕ್ಕ?" ಲೋಕನಾಥ ಕೇಳಿದ. "ಹೇಗೆ ಹೋಗುವುದು? ಹೊರುವವರು ಯಾರು?"

ಕೇರಿಯ ಹಿರಿಯ, ಗುರಿಕಾರ ಅಣ್ಣು, ಕೋಲು ಊರಿ ಮುಂದೆ ಬಂದರು. "ಅದು ಆಗುವ ಮಾತಲ್ಲ ರಾಜೀವಿ. ಚಟ್ಟಕ್ಕೆ ಹೆಗಲು ಕೊಟ್ಟವ ಚಿತೆ ಉರಿದು ಮುಗಿಯುವವರೆಗೆ ಅಲ್ಲಿಂದ ಕದಲುವ ಹಾಗಿಲ್ಲ. ಆ ದಿನ ಬೇರೆ ಕೆಲಸಕ್ಕೆ ಹೋಗುವ ಹಾಗೂ ಇಲ್ಲ. ಇದು ನಮ್ಮ ಕಟ್ಟು. ಮುಟ್ಟದವರು ಎಲ್ಲಿ ಬೇಕಾದರೂ ಹೋಗ್ಲಿ. ಆದರೆ ಇವರು ಮುಟ್ಟದಿದ್ದರೆ ಕೇರಿಯಲ್ಲಿ ಹೆಗಲು ಯಾರದ್ದುಂಟು? ಬೋಟಿನವರೆಲ್ಲ ಕಡಲಿನಲ್ಲಿದ್ದಾರೆ. ಬರುವುದು ನಾಡಿದ್ದು. ಇವರು ಉಳಿದದ್ದೇ ಮ್ಯಾಚಿಗೆಂದು. ನಾನು ಹೊರ್ಬೇಕಾ? ಹೊತ್ತರೆ ಎರಡು ಹೆಣ ಆಗ್ತದೆ, ಅಷ್ಟೇ."

ಯಾರೂ ನಗಲಿಲ್ಲ. ಗುಲಾಬಿ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಾ ಗೇಟಿನ ಕಡೆ ನೋಡಿದಳು. ಗೇಟಿನ ಹೊರಗೆ, ರಸ್ತೆಯ ಆಚೆ, ಪೂವಪ್ಪ ನಿಂತಿದ್ದ. ಅವನ ಹಿಂದೆ ಏಳೆಂಟು ಜನ. ಎಲ್ಲರೂ ಒಂದು ಕಾಲದ ಜೆಪ್ಪು ಬಾಯ್ಸ್, ಎಲ್ಲರ ಮೈಮೇಲೂ ಈಗ ಕೋಸ್ಟಲಿನ ನೀಲಿ ಅಂಗಿ. ಬೆಳಿಗ್ಗೆ ಅವರು ಬಂದಾಗ ರಾಜೀವಿಯೇ ಅವರ ಮುಖಕ್ಕೆ ಗೇಟಿನ ಚಿಲಕ ಹಾಕಿದ್ದಳು.

"ಅವ ಅಳಿಯ," ಎಂದಳು ಗುಲಾಬಿ. "ಗಂಡು ಮಗ ಇಲ್ಲದ ಮನೆ. ಬೆಂಕಿ ಇಡುವವ ಅವನೇ. ಎಷ್ಟು ಹೊತ್ತು ನಿಲ್ಲಿಸ್ತೀ?"

"ನಿನ್ನ ಮಗನಿಗೆ ಬಾಗಿಲಲ್ಲಿ ನಿಲ್ಲುವುದು ಎಂತದೆಂದು ಗೊತ್ತಾಗ್ಲಿ."

* * *

ಕೋಸ್ಟಲಿನವರು ಕಪ್ ಗೆದ್ದ ವರ್ಷ ಚಿತ್ತರಂಜನರ ಹೋಟೆಲಿನಲ್ಲಿ ಪಾರ್ಟಿ. ಮಾವನೂ ಬರಬೇಕೆಂದು ಪೂವಪ್ಪ ಹೇಳಿ ಹೋಗಿದ್ದ. ಗಿರಿಯಪ್ಪ ಮದುವೆಗೆ ಹೊಲಿಸಿದ್ದ ಬಿಳಿ ಶರ್ಟನ್ನು ಕೆಂಡದ ಇಸ್ತ್ರಿಪೆಟ್ಟಿಗೆಯಿಂದ ತಾನೇ ತಿಕ್ಕಿಕೊಂಡ, ಸಾಬೂನು ಹಾಕಿ ಎರಡೆರಡು ಸಲ ಕೈ ತೊಳೆದ. ಧಕ್ಕೆಯ ವಾಸನೆ ಹಾಗೆಲ್ಲ ಹೋಗುವುದಲ್ಲ.

ಅವನು ಬೇಗನೇ ಮನೆಗೆ ಬಂದ.

"ಊಟ ಹೇಗಿತ್ತು?" ಎಂದು ಕೇಳಿದಳು.

"ಒಳ್ಳೆದಿತ್ತು. ಕೋಳಿ ಇತ್ತು. ಮುಂದಿನ ಬಾಗಿಲಲ್ಲಿ ನಿಂತವ, ಮೀನು ತಂದದ್ದಾದರೆ ಹಿಂದಿನಿಂದ ಹೋಗು ಎಂದ. ನಾನು ಹಿಂದಿನಿಂದ ಹೋದೆ. ಅಡಿಗೆಯವರು ಒಳ್ಳೆಯವರು, ಅಲ್ಲಿಯೇ ಬಡಿಸಿದರು."

"ಪೂವಪ್ಪ?"

"ಮುಂದಿನ ಬಾಗಿಲ ಹತ್ತಿರವೇ ಇದ್ದ. ಫೋಟೋ ತೆಗೀತಾ ಇದ್ದರು. ಅವನಿಗೆ ತೊಂದರೆ ಯಾಕೆ ಅಂತ..."

"ಅವ ನಿಮ್ಮನ್ನು ನೋಡಿದನಾ?"

ಗಿರಿಯಪ್ಪ ಶರ್ಟು ಬಿಚ್ಚಿ ಗೂಟಕ್ಕೆ ಸಿಕ್ಕಿಸಿದ. "ಕಪ್ ಗೆದ್ದ ಟೀಮಿನಲ್ಲಿ ಐದು ಜನ ನಮ್ಮವರೇ ರಾಜೀವಿ," ಎಂದ. ಆ ಸಂತೋಷ ಸುಳ್ಳಾಗಿರಲಿಲ್ಲ. ಅದಕ್ಕೇ ಅವಳು ಗಂಡನನ್ನು ಅವತ್ತು ಕ್ಷಮಿಸಲಿಲ್ಲ.

* * *

ರಾಜೀವಿ ಗಂಡನ ಮುಖ ನೋಡಿದಳು. ಸತ್ತ ಮೇಲೂ ಅವನು ಯಾರನ್ನೂ ದೂರುವ ಹಾಗೆ ಕಾಣುತ್ತಿರಲಿಲ್ಲ. 'ನಿಮ್ಮಿಂದಾಗಿಯೇ ಇದೆಲ್ಲ,' ಎಂದುಕೊಂಡಳು. 'ಒಬ್ಬನನ್ನಾದರೂ ಹಿಡಿದು ನಿಲ್ಲಿಸಿದ್ದರೆ.'

ಅವಳು ಅಂಗಳ ದಾಟಿ ಗೇಟಿಗೆ ಹೋದಳು. ಪೂವಪ್ಪ ರಸ್ತೆ ದಾಟಿ ಓಡಿ ಬಂದ. ಅವನ ಕಣ್ಣು ಊದಿಕೊಂಡಿತ್ತು.

"ಮಾಮಿ, ನನಗೆ ಬೈ. ಹೊಡಿ. ಆದರೆ ಮಾವನನ್ನು ಒಮ್ಮೆ..."

"ಹೊಡೀಲಿಕ್ಕೆ ನನಗೆ ಪುರುಸೊತ್ತಿಲ್ಲ. ಅವರನ್ನು ಹೊರ್ಬೇಕು. ನೀವು ಹೊತ್ತರೆ ಲೋಕನಾಥ ಆಡ್ತಾನೆ. ಅದಕ್ಕೆ ಕರೀತಾ ಇದ್ದೇನೆ. ಬೇರೆ ಯಾವುದಕ್ಕೂ ಅಲ್ಲ."

ಪೂವಪ್ಪ ಗೇಟಿನ ಚಿಲಕಕ್ಕೆ ಕೈ ಹಾಕಿದ. ಅವಳು ಆ ಕೈ ಹಿಡಿದು ಸರಿಸಿದಳು.

"ಇದರಿಂದಲ್ಲ. ಹಿಂದಿನಿಂದ ಬಾ. ಅಡಿಗೆಮನೆ ಬಾಗಿಲು ತೆಗೆದಿಟ್ಟಿದ್ದೇನೆ."

ಅವನಿಗೆ ಅರ್ಥವಾಯಿತು. ಕೋಸ್ಟಲಿನ ಆ ಗಂಡಸರೆಲ್ಲ ಪಕ್ಕದ ಓಣಿಯಿಂದ ಸುತ್ತಿ, ಬಚ್ಚಲ ನೀರು ಹರಿಯುವ ಕಣಿ ದಾಟಿ, ತಲೆ ತಗ್ಗಿಸಿಕೊಂಡು ಒಬ್ಬೊಬ್ಬರಾಗಿ ಅಡಿಗೆಮನೆಯಿಂದ ಒಳಗೆ ಬಂದರು. ಚಟ್ಟ ಹೊರುವವರು ಮೇಲಂಗಿ ಹಾಕುವಂತಿಲ್ಲ. ನೀಲಿ ಅಂಗಿಗಳನ್ನು ಬಿಚ್ಚಿ ಒಲೆಕಟ್ಟೆಯ ಮೇಲೆ ರಾಶಿ ಹಾಕಿದರು. ಬರಿಮೈಯಲ್ಲಿ ನಿಂತಾಗ ಇವನು ಆ ಟೀಮಿನವನು, ಅವನು ಈ ಟೀಮಿನವನು ಎಂದು ಹೇಳುವಂತಿರಲಿಲ್ಲ. ರಾಜೀವಿಗೆ ಅದನ್ನು ಕಂಡು ಸಮಾಧಾನವಾಗಲಿಲ್ಲ. ಅವಳು ಮುಖ ತಿರುಗಿಸಿದಳು.

ಬಾಯಿಗೆ ತುಳಸಿ ನೀರು ಬಿಟ್ಟಾಯಿತು. ಪೂವಪ್ಪ ಮುಂದಿನ ಬಲ ಹೆಗಲಿಗೆ ನಿಂತ. ಎತ್ತುವಾಗ ಬಾವಿಕಟ್ಟೆಯ ಹುಡುಗರು ಅಭ್ಯಾಸಬಲದಿಂದ ಮುಂದೆ ನುಗ್ಗಿದರು.

"ಮುಟ್ಟಬೇಡಿ!" ರಾಜೀವಿ ಕಿರುಚಿದಳು. "ಒಬ್ಬ ಮುಟ್ಟಿದರೂ ನೋಡಿ!"

ಅವರು ಕೈ ಕಟ್ಟಿಕೊಂಡು ಅತ್ತರು. ಚಟ್ಟ ಮುಂದಿನ ಗೇಟಿನಿಂದ ಹೋಯಿತು.

* * *

ಮನೆ ತೊಳೆದು, ತಲೆಗೆ ನೀರು ಹಾಕಿಕೊಂಡು ಬಂದ ರಾಜೀವಿ ಮಗಳನ್ನು ಕರೆದಳು. "ಕುಮುದಿನಿ, ಚಪ್ಪಲಿ ಹಾಕು. ಮೈದಾನಕ್ಕೆ ಹೋಗುವ."

ಗುಲಾಬಿ ಎದೆಗೆ ಕೈ ಇಟ್ಟುಕೊಂಡಳು. "ಅಯ್ಯೋ ದೇವೆರೆ! ಗಂಡನ ಚಿತೆ ಉರೀತಾ ಉಂಟು. ಊರು ಎಂತ ಹೇಳ್ತದೆ?"

"ಊರಿಗೂ ಹೇಳ್ಲಿಕ್ಕೆ ಏನಾದರೂ ಬೇಕಲ್ಲ."

ಅವರು ತಲುಪುವಾಗ ಆಟ ಮುಗಿಯುತ್ತಾ ಬಂದಿತ್ತು. ಮೈದಾನ ಅವಳೆಣಿಸಿದ್ದಕ್ಕಿಂತ ಎಷ್ಟೋ ದೊಡ್ಡದಿತ್ತು. ಚಾವಡಿಯ ನೆಲದಲ್ಲಿ ಅವಳು ಕಂಡದ್ದು ಚಾಪೆಯಷ್ಟಗಲದ್ದು. ಒದ್ದೆ ಕೂದಲಿನ, ಖಾಲಿ ಹಣೆಯ ಹೆಂಗಸನ್ನು ಕಂಡು ಜನ ಸರಿದು ದಾರಿ ಬಿಟ್ಟರು. ದಾರಿ ಹೋಗಿ ಹೋಗಿ ಸುಣ್ಣದ ಗೆರೆಗೆ ಮುಟ್ಟಿತು. ಅವಳು ಅಲ್ಲಿಯೇ ನಿಂತಳು. ಎದುರು ಬದಿಯಲ್ಲಿ ಚಿತ್ತರಂಜನರು ಕುರ್ಚಿ ಹಾಕಿ ಕೂತಿದ್ದರು.

ಕುಮುದಿನಿ ಯಾರನ್ನೋ ಕೇಳಿ ಬಂದಳು. "ಅಮ್ಮ, ನಾವು ಒಂದು ಗೋಲ್ ಮೇಲೆ! ಇನ್ನು ಸ್ವಲ್ಪವೇ ಉಂಟು. ಆದರೆ ಅವರು ಒತ್ತಿ ಬರ್ತಾ ಇದ್ದಾರೆ."

ಜೆಪ್ಪುವಿನ ಹುಡುಗರ ಕಾಲು ಏಳುತ್ತಿರಲಿಲ್ಲ. ಲೋಕನಾಥ ಗೋಲಿನಲ್ಲಿ ಒಮ್ಮೆ ಬಿದ್ದ, ಎದ್ದ, ಮತ್ತೆ ಬಿದ್ದ. ಜೆಪ್ಪುವಿನವನೊಬ್ಬ ಚೆಂಡನ್ನು ಕಂಗಾಲಾಗಿ ಹೊರಗೆ ಒದ್ದ. ಅದು ಪುಟಿಯುತ್ತಾ ಬಂದು ರಾಜೀವಿಯ ಎದುರು ನಿಂತಿತು. ಅವಳು ಚಪ್ಪಲಿ ಕಳಚಿ, ಬರಿಗಾಲನ್ನು ಅದರ ಮೇಲಿಟ್ಟಳು.

ಹಿಲ್‌ಟಾಪಿನ ಹುಡುಗನೊಬ್ಬ ಏದುಸಿರು ಬಿಡುತ್ತಾ ಓಡಿ ಬಂದ. "ಬಾಲ್ ಕೊಡಿ ಅಮ್ಮ, ಬೇಗ. ಥ್ರೋ ನಮ್ಮದು."

"ತಕ್ಕೋ," ಎಂದಳು ರಾಜೀವಿ. ಕಾಲು ತೆಗೆಯಲಿಲ್ಲ. "ನನಗೆ ಸೂತಕ ಉಂಟು. ಈಗಷ್ಟೇ ಹೆಣ ಕಳಿಸಿ ಬಂದದ್ದು. ಮುಟ್ಟುವುದಾದರೆ ಮುಟ್ಟು."

ಹುಡುಗ ಬಗ್ಗಿದ. ಅವನ ಎರಡೂ ಕೈ ಚೆಂಡಿನಿಂದ ಗೇಣಿನಷ್ಟು ದೂರದಲ್ಲಿ ನಿಂತುಬಿಟ್ಟವು. ತಲೆ ತಿರುಗಿಸಿ ತನ್ನವರನ್ನು ನೋಡಿದ. ಆಚೆ ಬದಿಯಲ್ಲಿ ಚಿತ್ತರಂಜನರು ಕುರ್ಚಿಯಿಂದೆದ್ದು ಏನೋ ಕೂಗುತ್ತಿದ್ದರು. ಮೈದಾನದ ನಡುವೆ ಅಲ್ಫೋನ್ಸ್ ಸೀಟಿಯನ್ನು ತುಟಿಗಳ ನಡುವೆ ಇಟ್ಟುಕೊಂಡು, ಊದದೆ, ಕೊನೆಯ ನಿಮಿಷಗಳು ಓಡುತ್ತಿದ್ದ ಕೈಗಡಿಯಾರವನ್ನು ನೋಡುತ್ತಾ ನಿಂತಿದ್ದರು.