ಮಣೆಯಿಲ್ಲದ ಅಲಗು

ಸಮುದ್ರಕ್ಕಾದರೂ ಇಳಿತ ಉಂಟು, ನನ್ನ ಹೆಂಡತಿ ಗೋದಾವರಿಯ ಸಿಟ್ಟಿಗೆ ಇಲ್ಲ. ಮಗಳು ಸುಮಲತಾ ನಮ್ಮನ್ನು ಕೇಳದೆ ಗೋವಾದ ಕಾಣಕೋಣದ ರೋಷನನನ್ನು ಮದುವೆಯಾದಾಗ ಬಂದ ಸಿಟ್ಟು ಎರಡು ವರ್ಷ ಹಾಗೇ ಕೂತಿತ್ತು. ಮದುವೆಗೆ ಹೋಗಲಿಲ್ಲ. ಮಗಳ ಫೋನು ಬಂದರೆ ನನ್ನ ಕೈಗೆ ಕೊಟ್ಟು ಹಿತ್ತಲಿಗೆ ನಡೆಯುತ್ತಿದ್ದಳು. ಹಿತ್ತಲೆಂದರೆ ಬಾಗಿಲ ಹಿಂದೆ, ಮಾತೆಲ್ಲ ಕೇಳುವಷ್ಟು ಹತ್ತಿರ.

2007ರಲ್ಲಿ ಒಂದು ಬೆಳಿಗ್ಗೆ ತಾನಾಗಿಯೇ ಕಾಣಕೋಣಕ್ಕೆ ಹೋಗೋಣ ಎಂದಳು. ಕೈಯಲ್ಲಿ ಹೊಸ ಈಳಿಗೆ ಅಲಗು. ಅಂಕೋಲೆಯ ಕಮ್ಮಾರನ ಹತ್ತಿರ ಯಾವಾಗ ಮಾಡಿಸಿದ್ದಳೋ. ನಮ್ಮ ಮನೆತನದಲ್ಲಿ ಮದುವೆಯಾದ ಮಗಳಿಗೆ ಮೀನು ಕೊಯ್ಯುವ ಅಲಗು ತವರಿನದು, ಅದನ್ನು ಕೂರಿಸುವ ಮಣೆ ಗಂಡನ ಮನೆಯದು. ಅಲಗು ಕೊಟ್ಟರೆ ತಾಯಿ ಒಪ್ಪಿದಳು ಎಂದೇ ಅರ್ಥ. ಬಾಯಿಬಿಟ್ಟು ಹೇಳುವವಳಲ್ಲ ಇವಳು.

ಪದ್ಧತಿಯಂತೆ ಅಲಗನ್ನು ಕೆಂಪು ಬಟ್ಟೆಯಲ್ಲಿ ಸುತ್ತಿ ಸೀರೆಗಳ ಅಡಿಗಿಟ್ಟಳು. ಮಾಜಾಳಿ ದಾಟಿ ಗೋವಾ ಗಡಿಯಲ್ಲಿ ಬಸ್ಸು ನಿಂತಿತು. ಅಲ್ಲಿ ಚುನಾವಣೆ ಹತ್ತಿರವಾಗಿತ್ತು, ಪೊಲೀಸರು ಒಂದೊಂದೇ ಚೀಲ ಬಿಚ್ಚುತ್ತಿದ್ದರು. ಮೊಳದುದ್ದದ ಅಲಗು ಹೊರಬಂದದ್ದೇ ತಡ, ಇಡೀ ಬಸ್ಸು ನಮ್ಮನ್ನು ನೋಡಿತು. ಆ ಗಳಿಗೆಯಲ್ಲಿ ನಾನು ದರೋಡೆಗಾರ್ತಿಯ ಗಂಡನಾದೆ.

ನಮ್ಮನ್ನು ಇಳಿಸಿದ ಹವಾಲ್ದಾರ ಸಮಾಧಾನದ ಮನುಷ್ಯ. ಒಂಬತ್ತು ಇಂಚು ಮೀರಿದ ಅಲಗು ಆಯುಧ, ಮನೆಗೆಲಸದ್ದಾದರೆ ಮಾತ್ರ ಅಡ್ಡಿಯಿಲ್ಲ ಎಂದು ಕೊಂಕಣಿಯಲ್ಲಿ ತಿಳಿಸಿ ಹೇಳಿದ. ಈಳಿಗೆಯೆಂದ ಮೇಲೆ ಮಣೆ ಎಲ್ಲಿ ಎಂದು ಕೇಳಿದ. ಮಗಳ ಮನೆಯಲ್ಲಿ ಎಂದೆ. ಹಾಗಾದರೆ ತರಿಸಿ ತೋರಿಸಿ, ಇಲ್ಲವೇ ಅಲಗು ಬಿಟ್ಟು ಹೋಗಿ ಎಂದ.

ಬರಿಗೈಯಲ್ಲಿ ಮಗಳ ಮೆಟ್ಟಿಲು ಹತ್ತುವುದಿಲ್ಲ, ವಾಪಸು ನಡಿ ಎಂದು ಗೋದಾವರಿ ಹಟ ಹಿಡಿದಳು. ನನಗೂ ರೇಗಿತು. ಪಕ್ಕದ ಅಂಗಡಿಯಿಂದ ಫೋನು ಹಚ್ಚಿ, ಮಗಳು ಎತ್ತಿದ ಕೂಡಲೇ ರಿಸೀವರನ್ನು ಇವಳ ಕಿವಿಗೆ ಒತ್ತಿದೆ.

"ಸುಮಾ," ಎಂದಳು ಗೋದಾವರಿ. "ನಿಮ್ಮನೇಲಿ ಈಳಿಗೆ ಮಣೆ ಅದೆಯೇನೇ?"

ಆ ಕಡೆಯಿಂದ ಏನು ಬಂತೋ, ಇವಳು ಸೆರಗಿನಿಂದ ಮುಖ ಒರೆಸಿಕೊಂಡಳು.

ಸುಮಲತಾ ರಿಕ್ಷಾದಲ್ಲಿ ಬಂದಿಳಿದಳು, ಕಂಕುಳಲ್ಲಿ ಹಲಸಿನ ಮಣೆ. ತಾಯಿ ಮಗಳು ಒಬ್ಬರನ್ನೊಬ್ಬರು ನೋಡದೆ ಅಲಗನ್ನು ಮಣೆಯ ತೂತಿಗೆ ಕೂರಿಸಿದರು, ಹವಾಲ್ದಾರನೇ ಕಲ್ಲು ತಂದು ಬಡಿದುಕೊಟ್ಟ. ಈಗ ಇದು ಮನೆಗೆಲಸದ್ದು, ಹೊರಡಿ ಎಂದು ನಕ್ಕ.

ಬಸ್ಸಿಗೆ ಕಾಯುವಾಗ ಗೋದಾವರಿ ಮಣೆಯ ಮೇಲೆ ಕೈಯಾಡಿಸಿದಳು. ಒಂದು ಗೀರೂ ಇಲ್ಲ, ಮೀನಿನ ವಾಸನೆಯೂ ಇಲ್ಲ. ಎರಡು ವರ್ಷ ಮನೆಯಲ್ಲಿ ಮೀನು ಕೊಯ್ದದ್ದು ಯಾರು ಎಂದು ಕೇಳಿದಳು.

"ಪ್ಯಾಟಿಲೇ ಕೊಯ್ಸ್ಕಂಡ್ ಬತ್ತಿದ್ದೆ. ಮೀನಗಾರ್ರ ಮಗಳಾಗಿ ಇದೆಂತದೆ ಅಂತ ಎಲ್ಲಾ ನಗಾಡ್ತಿದ್ರು," ಎಂದಳು ಸುಮಲತಾ. "ರೋಷನ ಒಂದ್ ಅಲಗು ತಂದಿದ್ದ, ಆಯಿ. ನಾನೇ ಕೂರ್ಸೂಕೆ ಬಿಡ್ಲಿಲ್ಲ. ಆ ಜಾಗ ನಿಂದು."

ಗೋದಾವರಿ ಆ ಹೆದ್ದಾರಿಯ ಬದಿಯಲ್ಲೇ ಮಗಳನ್ನು ಅಪ್ಪಿಕೊಂಡು ಗೋಳೋ ಎಂದು ಅತ್ತಳು. ಕಾಣಕೋಣದ ಬಸ್ಸು ಬಂತು. ನಾನು ಕೈ ಮಾಡಲಿಲ್ಲ, ಅದು ಹೋಯಿತು.