ವೀರಭದ್ರಯ್ಯನ ಬಸಿ

ಒಂದು ಚಾವನ್ನು ಇಬ್ಬರು ಹಂಚಿಕೊಂಡು ಕುಡಿಯುವುದು ಜಿಪುಣತನ ಎಂದು ತಿಳಿದವರ ಜೊತೆ ನಾನು ವಾದಕ್ಕೆ ಇಳಿಯುವುದಿಲ್ಲ. ಅಂಥವರಿಗೆ ಚಾದ ರುಚಿ ಗೊತ್ತಿರುವುದಿಲ್ಲ, ಗೆಳೆಯರೂ ಇರುವುದಿಲ್ಲ.

ನನ್ನ ಹೆಸರು ಅಬ್ದುಲ್ ವಹಾಬ. ಹೂವಿನಹಡಗಲಿಯ ಬಸ್ ಸ್ಟ್ಯಾಂಡಿನ ಹಿಂದೆ ನನ್ನ ಗ್ಯಾರೇಜು. ಎದುರಿಗೆ ವೀರಭದ್ರಯ್ಯನ ಹೂವಿನ ಅಂಗಡಿ. ಬೆಳಿಗ್ಗೆ ಬಂದ ಮಲ್ಲಿಗೆ ಬುಟ್ಟಿಗಳೆಲ್ಲ ಬಸ್ಸು ಹತ್ತಿ ಹೋದ ಮೇಲೆ ಅವನಿಗೆ ಕೆಲಸವಿರುವುದಿಲ್ಲ. ಬಿಸಿಲು ಇಳಿಯುವ ತನಕ ನನಗೆ ಕೆಲಸ ಮಾಡುವ ಮನಸ್ಸಿರುವುದಿಲ್ಲ. ಹಾಗಾಗಿ ಇಬ್ಬರಿಗೂ ಮೀಸೆ ಚಿಗುರಿದ ಕಾಲದಿಂದ ಮಧ್ಯಾಹ್ನದ ಬೈಟು ಚಾ ನಡೆದುಕೊಂಡು ಬಂದಿತ್ತು. ಒಂದು ಚಾ ಹೇಳುವುದು, ಅರ್ಧವನ್ನು ಕಪ್ಪಿನಡಿಯ ಬಸಿಗೆ ಸುರಿದು ಅವನ ಮುಂದಿಡುವುದು, ಕಪ್ಪಿನಲ್ಲಿ ಉಳಿದದ್ದು ನನ್ನದು. ಜೊತೆಗೆ ಒಗ್ಗರಣೆ ಹಾಕಿದ ಮಂಡಕ್ಕಿ, ಮೇಲೆ ಬಿಸಿ ಮಿರ್ಚಿ. ವೀರಭದ್ರಯ್ಯ ಬಸಿಯನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ, ಸೊರ್ರ್ ಎಂದು ಎಳೆದನೆಂದರೆ ಪಕ್ಕದ ಮೇಜಿನವರು ತಿರುಗಿ ನೋಡಬೇಕು. ಅಂಥ ಸದ್ದನ್ನು ನಾನು ಕೆಟ್ಟುಹೋದ ಪಂಪ್‌ಸೆಟ್ಟಿನಲ್ಲಿ ಬಿಟ್ಟರೆ ಬೇರೆಲ್ಲೂ ಕೇಳಿಲ್ಲ.

ಹೋದ ವರ್ಷ ಡಾಕ್ಟರು ಅವನ ರಕ್ತದಲ್ಲಿ ಸಕ್ಕರೆ ಏರಿದೆ ಎಂದರು. ವೀರಭದ್ರಯ್ಯ ಮನೆಗೆ ಬಂದು ಗೋಡೆಗೆ ಮುಖ ಮಾಡಿ ಮಲಗಿದ. ಆಗ ಅವನ ಹೆಂಡತಿ ನಾಗಲಿಂಗಮ್ಮ, ನೋಡಲು ಬಂದ ನೆಂಟರೆಲ್ಲರ ಎದುರಿಗೆ, ಸಕ್ಕರೆ ಡಬ್ಬಿಯನ್ನು ತಂದು ನನ್ನ ಹೆಂಡತಿ ಜೈತುನ್ ಬೀಯ ಕೈಯಲ್ಲಿಟ್ಟಳು.

"ಇದನ್ನ ನಿಮ್ಮ ಮನಿಗೆ ತಗೊಂಡ ಹೋಗ್ರಿ. ಅವ್ರು ಬಿಟ್ಟ ಸಕ್ಕರಿ ನನಗೂ ಬ್ಯಾಡ" ಎಂದಳು.

ಊರೆಲ್ಲ ಆಕೆಯನ್ನು ಹೊಗಳಿತು. ವೀರಭದ್ರಯ್ಯನ ಬಾಯಿಗೆ ಮಾತ್ರ ಬೀಗ ಬಿತ್ತು. ಹೆಂಡತಿ ಸಿಹಿ ಕುಡಿಯುತ್ತ ಗಂಡನಿಗೆ ಸಪ್ಪೆ ಕೊಟ್ಟರೆ ಜಗಳ ತೆಗೆಯಬಹುದು. ಎದುರಿಗೆ ಕುಳಿತು ತಾನೂ ಸಪ್ಪೆ ಚಾ ಕುಡಿದು, "ಹೆಂಗಾಗೈತ್ರಿ" ಎಂದು ನಗುವ ಹೆಂಡತಿಯ ಜೊತೆ ಯಾರು ಜಗಳ ತೆಗೆಯುತ್ತಾರೆ? "ಚಲೋ ಆಗೈತಿ" ಎನ್ನುತ್ತಿದ್ದ, ಗುಟುಕರಿಸುತ್ತಿದ್ದ.

ಆಕೆ ಅಷ್ಟಕ್ಕೇ ನಿಲ್ಲಲಿಲ್ಲ. ಹಡಗಲಿಯ ಒಂದೊಂದು ಹೋಟೆಲಿಗೂ ಹೋಗಿ, ಅಯ್ಯನವರಿಗೆ ಇನ್ನು ಮೇಲೆ ಸಕ್ಕರೆ ಇಲ್ಲದ ಚಾ ಎಂದು ತಾಕೀತು ಮಾಡಿ ಬಂದಳು. ನಮ್ಮ ಬೈಟು ಅಲ್ಲಿಗೆ ಮುಗಿಯಿತು. ಅವನಿಗೊಂದು ಸಪ್ಪೆ ಚಾ, ನನಗೊಂದು ಸಿಹಿ ಚಾ, ಎರಡು ಕಪ್ಪು, ಎರಡು ಬಸಿ. ಯಾರೋ ಗುರುತಿಲ್ಲದವರ ಹಾಗೆ ಎದುರುಬದುರು ಕೂರುತ್ತಿದ್ದೆವು. ಅವನಿಗಾಗಿ ನೀನೂ ಸಪ್ಪೆ ಕುಡಿಯಬಹುದಿತ್ತಲ್ಲ ಎಂದು ನೀವು ಕೇಳಬಹುದು. ಕೇಳಬೇಡಿ. ನಾನು ನಾಗಲಿಂಗಮ್ಮನಲ್ಲ. ಆದರೆ ಅವನ ಬಸಿಯ ಸದ್ದು ನಿಂತ ದಿನದಿಂದ ನನ್ನ ಸಿಹಿ ಚಾ ಕೂಡ ನನಗೆ ರುಚಿಸಿರಲಿಲ್ಲ. ಇದು ಮಾತ್ರ ನಿಜ.

ನಮ್ಮ ಮನೆಯಲ್ಲೂ ಈ ಗಾಳಿ ಬೀಸಿತು. "ನೀವೂ ಒಮ್ಮಿ ರಕ್ತ ತೋರಿಸ್ರಿ" ಎಂದು ಜೈತುನ್ ಬೀ ಬೆನ್ನು ಹತ್ತಿದಳು. ಓಡುತ್ತಿರುವ ಇಂಜಿನನ್ನು ಯಾವ ಮೆಕ್ಯಾನಿಕ್ಕೂ ಬಿಚ್ಚಿ ನೋಡುವುದಿಲ್ಲ ಎಂದು ಹೇಳಿ ನಾನು ಪ್ರತಿ ಸಲವೂ ಜಾರಿಕೊಂಡೆ.

ಈ ಬೇಸಿಗೆಯಲ್ಲಿ ವೀರಭದ್ರಯ್ಯನ ರಿಪೋರ್ಟು ಚೆನ್ನಾಗಿ ಬಂತು. ಅವತ್ತೇ ನನ್ನ ಗ್ಯಾರೇಜಿಗೆ ಬಂದು ಸ್ಟೂಲ್ ಎಳೆದುಕೊಂಡು ಕುಳಿತ.

"ಲೇ ವಹಾಬಾ, ಒಂದ ಒಂದು ಬೈಟು. ಸಿಹೀದು. ಒಮ್ಮಿ ಕುಡದ್ರ ಏನೂ ಆಗಂಗಿಲ್ಲ ಅಂತ ಡಾಕ್ಟರನ್ನ ಕೇಳ್ಕೊಂಡ ಬಂದೀನಿ. ಆದ್ರ ಆಕಿಗೆ ಗೊತ್ತಾಗಬಾರ್ದು. ಎಲ್ಲಿ ಕುಡಿಯೂಣು ಹೇಳು."

ಚಾ ಕುಡಿಯಲು ಜಾಗ ಹುಡುಕುವುದು ಮಗಳಿಗೆ ಗಂಡು ಹುಡುಕುವುದಕ್ಕಿಂತ ಕಷ್ಟವೆಂದು ನನಗೆ ಆಮೇಲೆ ತಿಳಿಯಿತು. ಮೊದಲು ನನ್ನ ಹಳೆಯ ಮೊಪೆಡ್ ಮೇಲೆ ಮಾಗಳಕ್ಕೆ ಹೋದೆವು. ಹೊಳೆಯ ಗಾಳಿ, ಬೇವಿನ ನೆರಳು, ಬಾಂಡ್ಲಿಯಲ್ಲಿ ಬಿಸಿ ಮಿರ್ಚಿ. ಹೋಟೆಲಿನ ಯಜಮಾನ ಕೈಮುಗಿದು ಎದ್ದು ಬಂದ. ತನ್ನ ತೋಟದ ಮಲ್ಲಿಗೆಯನ್ನು ವೀರಭದ್ರಯ್ಯನಿಗೇ ಹಾಕುವವನು. "ಬರ್ರಿ ಅಯ್ಯನೋರ, ಅಮ್ಮನೋರು ಫೋನ್ ಮಾಡ್ಯಾರ, ಸಪ್ಪೆ ಚಾ ಮಾಡಸ್ತೀನಿ" ಎಂದು ಅವನೇ ಹೇಳಿಬಿಟ್ಟ. ಅಲ್ಲಿಂದ ಇಟ್ಟಿಗಿ ಎಂಬ ಊರಿಗೆ ಹೋದೆವು, ಅಲ್ಲಿ ಇನ್ನೂ ಮಜಾ. ಹೋಟೆಲಿನವನು ಒಮ್ಮೆ ಮೊಬೈಲು ನೋಡಿದ, ಒಮ್ಮೆ ವೀರಭದ್ರಯ್ಯನ ಮುಖ ನೋಡಿದ, ಮತ್ತೆ ಮೊಬೈಲು ನೋಡಿದ. ವೀರಭದ್ರಯ್ಯನ ಮಗಳು, ಕೂಡ್ಲಿಗಿಗೆ ಕೊಟ್ಟ ಅರ್ಚನಾ, ಅಪ್ಪಾಜಿಗೆ ಯಾರೂ ಸಕ್ಕರೆ ಕೊಡಬೇಡಿ ಎಂದು ಬರೆದು, ಅವನ ಫೋಟೋ ಸಮೇತ ಹೂವಿನ ವ್ಯಾಪಾರದವರ ವಾಟ್ಸಾಪ್ ಗ್ರೂಪಿಗೆ ಹಾಕಿದ್ದಳು, ಅದು ಅಲ್ಲಿಂದ ಹೋಟೆಲುಗಳಿಗೂ ಹರಿದಿತ್ತು. ಕಳೆದುಹೋದವರ ಫೋಟೋ ಹಾಕುವುದನ್ನು ಕಂಡಿದ್ದೇನೆ, ಚಾ ಕುಡಿಯುವವರ ಫೋಟೋ ಹಾಕಿದ್ದು ಅದೇ ಮೊದಲು.

"ನಮ್ಮ ತಾಲೂಕು ಬಿಟ್ಟ ಹೋಗಬೇಕು" ಎಂದೆ.

ಅವತ್ತು ಗುರುವಾರ. ಹೆಂಗಸರಿಗೆ ಬಸ್ಸು ಪುಕ್ಕಟೆಯಾದಾಗಿನಿಂದ ನಮ್ಮಿಬ್ಬರ ಹೆಂಡಿರಿಗೂ ಭಕ್ತಿ, ಬಂಧುಪ್ರೇಮ ಎರಡೂ ಉಕ್ಕಿ ಹರಿಯುತ್ತಿದ್ದವು. ಪ್ರತಿ ಗುರುವಾರ ನಾಗಲಿಂಗಮ್ಮ ಕೊಟ್ಟೂರಿಗೆ ಹೋಗಿ ಸ್ವಾಮಿಯ ದರ್ಶನ ಮಾಡಿ ಬರುತ್ತಿದ್ದಳು. ಜೈತುನ್ ಬೀ ಹಗರಿಬೊಮ್ಮನಹಳ್ಳಿಯಲ್ಲಿ ತಂಗಿ ಸಲ್ಮಾಳ ಮನೆಗೆ ಹೋಗುತ್ತಿದ್ದಳು.

"ಕೊಟ್ಟೂರು ಬ್ಯಾಡ" ಎಂದ ವೀರಭದ್ರಯ್ಯ. "ಆಕಿ ಅಲ್ಲೇ ಅದಾಳ. ನನ್ನ ಸಕ್ಕರಿ ಇಳೀಲಿ ಅಂತ ಹರಕಿ ಹೊತ್ತಾಳ."

"ಹಗರಿಬೊಮ್ಮನಹಳ್ಳಿ?"

"ಅಲ್ಲಿ ನಿನ್ನಾಕಿ ಅದಾಳಲ್ಲೋ. ಆಕಿ ನೋಡಿದ್ರೂ ಒಂದ, ಈಕಿ ನೋಡಿದ್ರೂ ಒಂದ."

"ಕೂಡ್ಲಿಗಿ?"

"ಬೀಗರ ಊರು. ಅರ್ಚನಾನ ಅತ್ತಿ ಗಂಗಾಂಬಿಕಾ ದಿನವೆಲ್ಲ ಬಾಗಲಾಗ ಕುಂತು ಹಾದಿ ನೋಡತಿರ್ತಾಳ. ಆಕಿ ಕಣ್ಣು ತಪ್ಪಿಸಿ ಕೂಡ್ಲಿಗ್ಯಾಗ ಕೋಳಿ ಸೈತ ಓಡ್ಯಾಡಂಗಿಲ್ಲ."

ಆಮೇಲೆ ಇಬ್ಬರ ಬಾಯಲ್ಲೂ ಹರಪನಹಳ್ಳಿ ಎಂಬ ಹೆಸರು ಒಟ್ಟಿಗೇ ಬಂತು. ಅಲ್ಲಿ ನೆಂಟರಿಲ್ಲ, ಹೂವಿನ ಗಿರಾಕಿಗಳಿಲ್ಲ, ಹೆಂಡಿರಿಬ್ಬರೂ ಬೇರೆ ಬೇರೆ ದಿಕ್ಕಿನಲ್ಲಿದ್ದಾರೆ. ಇದಕ್ಕಿಂತ ಭದ್ರವಾದ ಜಾಗ ಭೂಮಿಯ ಮೇಲೆ ಇಲ್ಲ ಎಂದು ನಾನು ಬೀಗಿದೆ. ಬೀಗಬಾರದಿತ್ತು.

ದಾರಿಯುದ್ದಕ್ಕೂ ಬಿಸಿಲು ಬೆನ್ನು ಸುಟ್ಟಿತು. ವೀರಭದ್ರಯ್ಯ ಹಣೆಯ ವಿಭೂತಿ ಕಾಣದ ಹಾಗೆ ಟವೆಲನ್ನು ಹುಬ್ಬಿನ ತನಕ ಸುತ್ತಿಕೊಂಡಿದ್ದ. ಹರಪನಹಳ್ಳಿಯಲ್ಲಿ ದೊಡ್ಡ ಹೋಟೆಲು ಬೇಡ, ಅಲ್ಲಿ ಎಲ್ಲರೂ ಬರುತ್ತಾರೆ. ಮುಖ್ಯ ರಸ್ತೆಯದು ಬೇಡ, ಬಸ್ಸಿನಿಂದ ಯಾರಾದರೂ ನೋಡುತ್ತಾರೆ. ಹೀಗೆ ಒಂದೊಂದನ್ನೇ ಬಿಡುತ್ತ ಬಿಡುತ್ತ ಕೊನೆಗೆ ಒಂದು ಸಂದಿಯಲ್ಲಿ ಮಂಡಕ್ಕಿ ಒಗ್ಗರಣೆಯ ವಾಸನೆ ಹಿಡಿದು ಹೋದೆವು. ನಾಲ್ಕು ಮೇಜು, ಮೂಲೆಯಲ್ಲಿ ಹೂವಿನ ಚಿತ್ತಾರದ ಪರದೆ, ಪರದೆಯ ಮೇಲೆ ಫ್ಯಾಮಿಲಿ ಎಂದು ಬರೆದ ರಟ್ಟು. ಒಲೆಯ ಮುಂದೆ ಕುಳಿತ ಯಜಮಾನಿಯನ್ನು ಎಲ್ಲರೂ ಚೌಡಕ್ಕ ಎಂದು ಕರೆಯುತ್ತಿದ್ದರು.

"ಒಂದು ಬೈಟು" ಎಂದು ವೀರಭದ್ರಯ್ಯ ಪಿಸುಗುಟ್ಟಿದ. "ಸಕ್ಕರಿ ಸ್ವಲ್ಪ ಮುಂದ ಇರ್ಲಿ. ಎರಡು ಮಿರ್ಚಿ."

ಚಾ ಬಂತು. ನಾನು ಬಸಿಗೆ ಸುರಿದು ಅವನ ಮುಂದಿಟ್ಟೆ. ಎಷ್ಟು ತಿಂಗಳ ಮೇಲೆ ಸುರಿದದ್ದೋ, ಅರ್ಧಕ್ಕಿಂತ ಹೆಚ್ಚೇ ಸುರಿದುಬಿಟ್ಟೆ. ವೀರಭದ್ರಯ್ಯ ಎರಡೂ ಕೈಯಲ್ಲಿ ಬಸಿ ಎತ್ತಿದ, ಕಣ್ಣು ಮುಚ್ಚಿದ, ತುಟಿಯ ತನಕ ಒಯ್ದ. ಹಾಗೇ ಕೆಳಗಿಟ್ಟ.

"ಆಗವಲ್ದೋ" ಎಂದ. "ಆಕಿ ಅಲ್ಲಿ ನನ್ನ ಸಲುವಾಗಿ ಉಪಾಸ ಕುಂತಿರ್ತಾಳ. ನಾನಿಲ್ಲಿ ಕದ್ದು ಸಕ್ಕರಿ ಕುಡಿಯಾಕ ಬಂದೀನಿ. ಗಂಟಲಾಗ ಇಳಿಯಂಗಿಲ್ಲ."

ನನಗೆ ಮೈಯೆಲ್ಲ ಉರಿಯಿತು. ಈ ಬಿಸಿಲಲ್ಲಿ, ಈ ಮೊಪೆಡ್ ಮೇಲೆ, ಇಷ್ಟು ದೂರ ಬಂದದ್ದು ಇವನ ಪಶ್ಚಾತ್ತಾಪ ನೋಡಲಿಕ್ಕೇ? ಬಾಯಿಗೆ ಬಂದದ್ದನ್ನು ಅಂದುಬಿಡುತ್ತಿದ್ದೆ. ಆದರೆ ಅವನ ಕಣ್ಣು ತುಂಬಿದ್ದು ನೋಡಿ ಮಿರ್ಚಿ ತಟ್ಟೆಯನ್ನು ಅವನ ಕಡೆ ತಳ್ಳಿದೆ. ಅವನ ಮೇಲೆ ಪ್ರೀತಿಯೇ ಬಂತು.

ಆಗ ಪರದೆಯ ಹಿಂದಿನಿಂದ ಒಂದು ದನಿ ಕೇಳಿಸಿತು.

"ಚೌಡಕ್ಕಾ, ಸಕ್ಕರಿ ಸಾಲವಲ್ದು. ಇನ್ನೊಂದು ಚಮಚ ತರ್ರಿ."

ವೀರಭದ್ರಯ್ಯನ ಕೈ ಬಸಿಯ ಮೇಲೇ ಉಳಿಯಿತು. ಆ ದನಿಯನ್ನು ಅವನು ಕೇಳುತ್ತಿರುವುದು ಮದುವೆಯಾದಾಗಿನಿಂದ. ನಾನು ನಗು ತಡೆದುಕೊಳ್ಳಲು ನನ್ನ ಹೆಗಲ ಟವೆಲನ್ನು ಬಾಯಿಗಿಟ್ಟೆ. ಅಷ್ಟರಲ್ಲಿ ಎರಡನೆಯ ದನಿ ಬಂತು.

"ಎರಡ ಚಮಚ ತರ್ರಿ ಅಕ್ಕಾ. ಮಿರ್ಚಿ ಬಿಸಿ ಇದ್ರ ಇನ್ನೊಂದು ಪ್ಲೇಟು."

ಇದು ಜೈತುನ್ ಬೀ. ನನ್ನ ನಗು ಟವೆಲಿನಲ್ಲೇ ಸತ್ತಿತು. ಹಗರಿಬೊಮ್ಮನಹಳ್ಳಿಯೂ ಸುಳ್ಳು, ಕೊಟ್ಟೂರೂ ಸುಳ್ಳು. ಆ ಎರಡು ಸುಳ್ಳುಗಳೇ ನಮ್ಮನ್ನು ಕೈಹಿಡಿದು ಹರಪನಹಳ್ಳಿಗೆ ಕರೆತಂದಿದ್ದವು. ನಾವು ಯಾವ ಲೆಕ್ಕಾಚಾರದಲ್ಲಿ ಈ ಸಂದಿಗೆ ಬಂದೆವೋ ಅದೇ ಲೆಕ್ಕಾಚಾರದಲ್ಲಿ ಅವರೂ ಬಂದಿದ್ದರು, ನಮಗಿಂತ ಮೊದಲೇ.

ವೀರಭದ್ರಯ್ಯ ಎದ್ದು ನಿಂತ. ನಾನು ಅವನ ಪಂಚೆ ಹಿಡಿದು ಎಳೆದು ಕೂರಿಸಿದೆ.

"ಪರದಿ ಸರಿಸಿದ್ರ ಆಕಿ ಸಿಗತಾಳ, ಖರೆ. ನಿನ್ನ ಮುಂದ ಇರೋ ಬಸಿ ಯಾರಪ್ಪಂದು?"

ನಾವಿಬ್ಬರೂ ಪರದೆಯನ್ನೇ ದಿಟ್ಟಿಸುತ್ತಿದ್ದುದು ಚೌಡಕ್ಕನ ಕಣ್ಣಿಗೆ ಬಿತ್ತು. ಸೌಟು ಹಿಡಿದುಕೊಂಡೇ ಬಂದಳು.

"ಯಜಮಾನ್ರೆ, ಅದು ಹೆಣ್ಣುಮಕ್ಕಳು ಕೂರೋ ಜಾಗ. ಇಷ್ಟು ವಯಸ್ಸಾಗೈತೆ, ಆ ಕಡೆ ಹಂಗೆ ಕಣ್ಣು ಹಾಕಬಾರ್ದು."

"ಅವ್ರು ದಿನಾ ಬರ್ತಾರೇನ್ರಿ?" ಎಂದು ವೀರಭದ್ರಯ್ಯ ಹಲ್ಲು ಕಚ್ಚಿ ಕೇಳಿದ.

"ಗುರುವಾರ ಗುರುವಾರ ಬರ್ತಾರೆ." ಚೌಡಕ್ಕ ದನಿ ತಗ್ಗಿಸಿದಳು. "ಪಾಪ, ಆ ಅಮ್ಮನ ಯಜಮಾನ್ರಿಗೆ ಸಕ್ಕರೆ ಕಾಯಿಲೆ ಅಂತೆ. ಅವ್ರ ಮುಂದೆ ಸಿಹಿ ಕುಡಿದ್ರೆ ಅವ್ರಿಗೆ ಆಸೆ ಆಗುತ್ತೆ, ಸಂಕಟ ಆಗುತ್ತೆ ಅಂತ ಮನೇಲಿ ಸಪ್ಪೆ ಚಾನೇ ಕುಡಿತಾರಂತೆ. ಊರಲ್ಲಿ ಕುಡಿದ್ರೆ ಅವ್ರ ಕಿವಿಗೆ ಬೀಳುತ್ತೆ. ಅದಕ್ಕೆ ಇಷ್ಟು ದೂರ ಬರ್ತಾರೆ. ಆರು ದಿನ ಅವ್ರಿಗೋಸ್ಕರ, ಒಂದು ದಿನ ನನಗೋಸ್ಕರ ಅಂತಾರೆ."

ಚೌಡಕ್ಕ ಒಲೆಯ ಕಡೆ ಹೋದಳು. ವೀರಭದ್ರಯ್ಯನ ಮುಖದ ಮೇಲಿದ್ದ ಸಿಟ್ಟು ಇಳಿದು, ಅಲ್ಲಿ ಮೆಲ್ಲಗೆ ತುಂಟತನ ಏರಿತು. ಅವನು ಬಸಿಯನ್ನು ಎರಡೂ ಕೈಯಲ್ಲಿ ಎತ್ತಿದ, ಕಣ್ಣು ಮುಚ್ಚಿದ, ಇಷ್ಟು ತಿಂಗಳ ಬಾಕಿಯನ್ನೆಲ್ಲ ತೀರಿಸುವ ಹಾಗೆ ಸೊರ್ರ್ ಎಂದು ಎಳೆದ.

ಪರದೆಯ ಹಿಂದೆ ನಗು ನಿಂತಿತು. ಮಾತು ನಿಂತಿತು. ಬಳೆಯ ಸದ್ದೂ ಇಲ್ಲ. ಬಾಂಡ್ಲಿಯಲ್ಲಿ ಮಿರ್ಚಿ ಚುಂಯ್ಗುಡುವುದಷ್ಟೇ ಕೇಳುತ್ತಿತ್ತು.

ಸ್ವಲ್ಪ ಹೊತ್ತಿನ ಮೇಲೆ ನಾಗಲಿಂಗಮ್ಮನ ದನಿ, ಎಂದಿನ ಹಾಗೇ ಗಟ್ಟಿಯಾಗಿ ಬಂತು.

"ಚೌಡಕ್ಕಾ, ಹೊರಗ ಕುಂತ ಅಯ್ಯನೋರಿಗೆ ಹೇಳ್ರಿ. ಮಿರ್ಚಿ ಒಂದ ಸಾಕಂತ."

ಟವೆಲು ಸುತ್ತಿಕೊಂಡವನು ಅಯ್ಯನವರೆಂದು ಒಳಗಿದ್ದವರಿಗೆ ಹೇಗೆ ತಿಳಿಯಿತೆಂದು ಚೌಡಕ್ಕ ಬಾಯಿ ಬಿಟ್ಟು ನೋಡಿದಳು. ವೀರಭದ್ರಯ್ಯ ಒಂದು ಮಿರ್ಚಿಯನ್ನು ವಿಧೇಯನಾಗಿ ನನ್ನ ಕಡೆ ಸರಿಸಿದ. ಆಮೇಲೆ ನನ್ನ ಕಪ್ಪನ್ನು ಎತ್ತಿ ಚೌಡಕ್ಕನ ಕೈಯಲ್ಲಿಟ್ಟ.

"ಇದನ್ನ ಒಳಗ ಕೊಡ್ರಿ. ಬೈಟು ಅಂತ ಹೇಳ್ರಿ."

"ಲೇ ಅಯ್ಯಾ, ಅದು ನನ್ನ ಪಾಲು" ಎಂದೆ. ನನ್ನ ಮಾತು ಕೇಳುವವರು ಯಾರು? ಕಪ್ಪು ಪರದೆ ದಾಟಿ ಹೋಯಿತು. ಖಾಲಿಯಾಗಿ ವಾಪಸು ಬಂತು. ಇಷ್ಟು ವರ್ಷದ ನನ್ನ ಅರ್ಧವನ್ನು ಅವನು ಹೆಂಡತಿಗೆ ಧಾರೆ ಎರೆದುಬಿಟ್ಟಿದ್ದ. ನನಗೆ ನಿಜವಾಗಿಯೂ ಹೊಟ್ಟೆಕಿಚ್ಚಾಯಿತು. ಅವನು ಮಾತ್ರ ಮದುವಣಿಗನ ಹಾಗೆ ಕುಳಿತಿದ್ದ.

ಆಗ ಜೈತುನ್ ಬೀ ಕರುಣೆ ತೋರಿದಳು. "ಅಕ್ಕಾ, ಅಯ್ಯನೋರ ಜೋಡಿ ಒಬ್ರು ಬಂದಿರ್ತಾರ, ಅವ್ರಿಗೊಂದು ಪೂರ್ತಿ ಚಾ ಕೊಡ್ರಿ" ಎಂದು ಹೇಳಿ, ಚೌಡಕ್ಕನನ್ನು ಪರದೆಯೊಳಗೆ ಕರೆದು ಇನ್ನೇನನ್ನೋ ಪಿಸುಗುಟ್ಟಿದಳು. ನನಗೂ ಹೆಂಡತಿ ಇದ್ದಾಳೆ ಎನ್ನುವ ಹಾಗೆ ನಾನು ವೀರಭದ್ರಯ್ಯನ ಕಡೆ ನೋಡಿ ಮೀಸೆ ತೀಡಿದೆ. ಚಾ ಬಂತು. ದೊಡ್ಡ ಗುಟುಕು ಕುಡಿದೆ.

ಅದರಲ್ಲಿ ಒಂದು ಹರಳು ಸಕ್ಕರೆಯೂ ಇರಲಿಲ್ಲ.

"ಸಕ್ಕರಿ ಮರೆತೀರೇನ್ರಿ?" ಎಂದು ಕೇಳಿದೆ.

"ಮರೆತಿಲ್ಲ. ಹಾಕಬೇಡ ಅಂದಾರೆ" ಎಂದಳು ಚೌಡಕ್ಕ.

"ನಾಳೆ ಮುಂಜಾನಿ ರಕ್ತ ತೋರಿಸಾಕ ಹೋಗೋದೈತ್ರಿ" ಎಂದು ಪರದೆ ಮಾತಾಡಿತು. "ಈ ಬಿಸಲಾಗ ಹರಪನಹಳ್ಳಿತನಕ ಓಡಿ ಬಂದ ಇಂಜಿನ್ನು. ಬಿಚ್ಚಿ ನೋಡಿದ್ರ ಚಲೋ."

ಮನೆಯಲ್ಲಿ ನಾವು ಮಾತಾಡುವುದು ಉರ್ದು. ನನ್ನ ಮಾನ ತೆಗೆಯಬೇಕಾದಾಗ ಮಾತ್ರ ಜೈತುನ್ ಬೀ ಎಲ್ಲರಿಗೂ ತಿಳಿಯಲೆಂದು ಕನ್ನಡದಲ್ಲಿ ಮಾತಾಡುತ್ತಾಳೆ. ನಾಗಲಿಂಗಮ್ಮ ನಗುತ್ತಿದ್ದಳು. ಚೌಡಕ್ಕನೂ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು. ನಾನು ಕಪ್ಪನ್ನು ದೂರ ಸರಿಸಿದೆ.

ವೀರಭದ್ರಯ್ಯ ನಗಲಿಲ್ಲ. ನನ್ನ ಕಪ್ಪನ್ನು ಎತ್ತಿಕೊಂಡು, ತನ್ನ ಬಸಿಗೆ ಅರ್ಧ ಚಾ ಸುರಿದುಕೊಂಡು, ಉಳಿದದ್ದನ್ನು ನನ್ನ ಮುಂದಿಟ್ಟ.

"ಕುಡಿಯೋ ವಹಾಬಾ. ನೀ ಬಿಟ್ಟ ಸಕ್ಕರಿ ನನಗೂ ಬ್ಯಾಡ."

ಹೇಳಿದವನೇ ಬಸಿ ಎತ್ತಿ, ಪರದೆಯ ಆಚೆಗೂ ಕೇಳುವ ಹಾಗೆ ಸೊರ್ರ್ ಎಂದು ಎಳೆದ. ನಾನು ಕಪ್ಪಿನಲ್ಲಿದ್ದ ಸಪ್ಪೆ ಚಾವನ್ನು ಒಂದು ಹನಿಯೂ ಬಿಡದೆ ಕುಡಿದೆ.